ಎರಡು ಮೀಟರಿನ ಮನೆ

"ಹಚ್ಚದ ದೀಪಕ್ಕೂ ದುಡ್ಡು ಕೇಳ್ತೀರಲ್ಲ, ನಿಮಗೇ ನಗು ಬರಲ್ವಾ?" ಎಂದು ಇಸ್ತ್ರಿಯಕ್ಕ ವಿದ್ಯುತ್ ಕಚೇರಿಯ ಕಿಂಡಿಗೆ ಮುಖ ಕೊಟ್ಟು ಕೇಳಿದಳು.

ಕಿಂಡಿಯ ಆಚೆ ಕೂತ ಗುಮಾಸ್ತನಿಗೆ ನಿಜಕ್ಕೂ ನಗು ಬಂತು. ಕೆಲಸದ ಹೊತ್ತಿನಲ್ಲಿ ನಗಬಾರದೆಂದು ಕೆಮ್ಮಿದ. "ಅದು ನಿಗದಿತ ಶುಲ್ಕ ಅಮ್ಮಾ. ನೀವು ಕರೆಂಟ್ ಬಳಸಿ, ಬಿಡಿ, ಕಂಬ, ತಂತಿ, ಮೀಟರು ಎಲ್ಲ ನಿಮಗೋಸ್ಕರ ನಿಂತಿರುತ್ತಲ್ಲ, ಅದಕ್ಕೆ."

"ನಿಂತಿರ್ಲಿ ಬಿಡಪ್ಪ. ನಾನೂ ದಿನವಿಡೀ ನಿಂತೇ ಇಸ್ತ್ರಿ ಹಾಕೋದು. ಬಟ್ಟೆ ಕೊಡದೇ ಇರೋರ ಮನೆಗೂ ಹೋಗಿ 'ನಿಮಗೋಸ್ಕರ ನಿಂತಿದ್ದೆ, ದುಡ್ಡು ಕೊಡಿ' ಅಂದ್ರೆ ಕೊಡ್ತಾರಾ?"

ಸಾಲಿನಲ್ಲಿ ನಿಂತವರು ಗೊಳ್ಳೆಂದರು. ಹಿಂದಿನಿಂದ ಯಾರೋ "ಸರಿಯಾಗಿ ಕೇಳಿದ್ರಿ ಅಕ್ಕ" ಎಂದರು. ಆಕೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವಳದು ಕೆಂಡದ ಇಸ್ತ್ರಿಪೆಟ್ಟಿಗೆ. ಮನೆಯ ಮುಂದಿನ ಜಗಲಿಯಲ್ಲಿ ಹಗಲು ಬೆಳಕಿನಲ್ಲೇ ಕೆಲಸ. ಒಳಗಿರುವುದು ಒಂದೇ ಬಲ್ಬು, ಅದೂ ಸಂಜೆ ಉಣ್ಣುವ ತನಕ. ಬಿಲ್ಲಿನಲ್ಲಿ ಅವಳು ಸುಟ್ಟ ಕರೆಂಟಿನ ಲೆಕ್ಕ ಇಷ್ಟೇ ಇಷ್ಟು, ನಿಗದಿತ ಶುಲ್ಕ ಅಷ್ಟುದ್ದ. ಮೂಗಿಗಿಂತ ಮೂಗುತಿ ಭಾರ. ಈ ತಿಂಗಳು ಮೂಗುತಿಯನ್ನು ಇನ್ನಷ್ಟು ದಪ್ಪ ಮಾಡಿದ್ದರು.

ಗುಮಾಸ್ತನಿಗೆ ಕನಿಕರ ಬಂತೋ, ಸಾಲು ಮುಂದೆ ಸರಿದರೆ ಸಾಕಾಗಿತ್ತೋ, ದನಿ ತಗ್ಗಿಸಿ ಹೇಳಿದ: "ಒಂದು ದಾರಿ ಇದೆ. ನಿಮ್ಮದೂ ಪಕ್ಕದ್ದೂ ಒಂದೇ ಕಟ್ಟಡ ಅಲ್ವಾ? ನಿಮ್ಮ ಮೀಟರ್ ವಾಪಸ್ ಕೊಟ್ಟು ಅವರ ಲೈನಿಗೆ ಸೇರಿಸ್ಕೊಳ್ಳಿ. ಆದ್ರೆ ಅದು ಒಂದೇ ಮನೆ ಆಗಿರ್ಬೇಕು. ಒಳಗಿಂದ ಓಡಾಡೋಕೆ ಬಾಗಿಲಿರ್ಬೇಕು, ಅಡುಗೆಮನೆ ಒಂದೇ ಇರ್ಬೇಕು. ಇನ್ಸ್‌ಪೆಕ್ಟರ್ ಬಂದು ನೋಡ್ತಾರೆ."

ಎಲ್ಲದಕ್ಕೂ ಉತ್ತರವಿದ್ದ ಇಸ್ತ್ರಿಯಕ್ಕ ಬಿಲ್ಲನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ ಕಿಂಡಿ ಬಿಟ್ಟು ಸರಿದಳು. ಸಾಲಿನವರು ಪಾಪ, ಸೋತಳು ಎಂದುಕೊಂಡರು. ಸೋಲಲ್ಲ ಅದು. 'ಬಾಗಿಲು' ಎಂಬ ಮಾತು ಅವಳನ್ನು ಹಿಡಿದಿತ್ತು, ಅಷ್ಟೇ.

ಆ ಎರಡು ಮನೆ ಮೊದಲು ಒಂದೇ ಆಗಿತ್ತು. ಇಸ್ತ್ರಿಯಕ್ಕನ ಗಂಡ, ಅವನ ತಮ್ಮ ಇಬ್ಬರೂ ಹೆಂಡಿರೊಂದಿಗೆ ಅಲ್ಲೇ ಇದ್ದರು. ಜಗಳ ಶುರುವಾದದ್ದು ಒಂದು ಏಣಿಯಿಂದ. ತಮ್ಮ ಕೇಳದೆ ಯಾರಿಗೋ ಏಣಿ ಕೊಟ್ಟ, ಅವರು ಮೆಟ್ಟಿಲು ಮುರಿದು ತಂದುಕೊಟ್ಟರು. ಏಣಿ ನೆಪ, ಒಳಗೆ ಹಳೆಯ ಮಾತುಗಳು ಬೇಕಾದಷ್ಟಿದ್ದವು. ಮನೆ ಪಾಲಾಯಿತು, ಮೀಟರು ಎರಡಾಯಿತು. ನಡುವಿನ ಬಾಗಿಲಿಗೆ ಅಣ್ಣ ತನ್ನ ಕಡೆಯಿಂದ ಹಲಗೆ ಹೊಡೆದ. ಅವನ ಮೊಳೆಯ ಮೇಲೆ ನಂಬಿಕೆ ಸಾಲದೆ ತಮ್ಮ ತನ್ನ ಕಡೆಯಿಂದಲೂ ಹೊಡೆದ. ಗಂಡಸರ ಕೋಪ ನೋಡಿ, ಒಂದೇ ಬಾಗಿಲಿಗೆ ಎರಡೆರಡು ಹಲಗೆ!

ಆಮೇಲೆ ಅಣ್ಣ ತೀರಿಕೊಂಡ. ಬಸ್ ಡ್ರೈವರನಾಗಿದ್ದ ತಮ್ಮ ಅತ್ತಿಗೆಯ ಕಾಲ ಬಳಿ ಕೂತು ಮಗುವಿನಂತೆ ಅತ್ತ. ಅಲ್ಲಿಗೆ ಕೋಪ ಮುಗಿದಿತ್ತು, ಹಲಗೆ ಮಾತ್ರ ಉಳಿಯಿತು. ಇಸ್ತ್ರಿಯಕ್ಕನಿಗೂ ಓರಗಿತ್ತಿಗೂ ಜಗಲಿಯ ಮೇಲೆ ಮಾತುಕತೆ ಚೆನ್ನಾಗಿಯೇ ಇತ್ತು. ಓರಗಿತ್ತಿ ಮನೆಯಲ್ಲೇ ಕರೆಂಟಿನ ಓವನ್ನಿನಲ್ಲಿ ಬ್ರೆಡ್ ಬೇಯಿಸಿ ಅಂಗಡಿಗಳಿಗೆ ಕೊಡುವವಳು, ಅವಳ ಮೀಟರು ಬುಗುರಿಯಂತೆ ತಿರುಗುತ್ತಿತ್ತು. ಆದರೆ ಆ ಬಾಗಿಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನೇ ಹೇಳಿದರೆ, ಗಂಡ ಹೋದ ಮೇಲೆ ಆಸರೆ ಹುಡುಕಿಕೊಂಡು ಬಂದಳು ಅಂದುಕೊಂಡಾರು ಎಂದು ಇವಳಿಗೆ ಅಳುಕು. ನಾನೇ ಹೇಳಿದರೆ, ಅಕ್ಕನ ಪಾಲಿನ ಮೇಲೆ ಕಣ್ಣು ಹಾಕಿದಳು ಅಂದಾರು ಎಂದು ಅವಳಿಗೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹಲಗೆಯ ಸಂದಿನಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು, ನಗುವೂ ಬರುತ್ತಿತ್ತು. ಇಸ್ತ್ರಿಯಕ್ಕ ಒಬ್ಬಳೇ ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಊರಿಗೆಲ್ಲ ಬಾಯಿ ಕೊಡುವ ಹೆಂಗಸಿಗೆ ಇದೊಂದಕ್ಕೆ ಬಾಯಿರಲಿಲ್ಲ.

ಕಚೇರಿಯಿಂದ ಬಂದವಳು ಜಗಲಿಯ ಮೇಲೆ ನಿಂತು, ಬಸ್ಸಿನ ಕೆಲಸಕ್ಕೆ ಹೊರಟಿದ್ದ ಮೈದುನನನ್ನು ತಡೆದಳು. ಒಳಗಿದ್ದ ಓರಗಿತ್ತಿಗೂ ಕೇಳಲೆಂದು ದನಿ ಏರಿಸಿದಳು. "ನೋಡಪ್ಪ, ನನಗಂತೂ ಯಾವ ಆಸೆಯೂ ಇಲ್ಲ. ಆಫೀಸಿನವರು ಹೇಳಿದ್ದನ್ನ ಹೇಳ್ತಿದ್ದೀನಿ. ಆ ಬಾಗಿಲು ತೆಗೀಬೇಕಂತೆ. ಒಂದೇ ಅಡುಗೆಮನೆ ಅಂತ ತೋರಿಸ್ಬೇಕಂತೆ. ಒಂದು ದಿನದ ಮಟ್ಟಿಗೆ."

ಡ್ರೈವರ್ ತಲೆ ಕೆರೆದುಕೊಂಡ. ಓರಗಿತ್ತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಆಫೀಸಿನವರೇ ಹೇಳಿದ ಮೇಲೆ ನಾವೇನು ಮಾಡೋಕಾಗುತ್ತೆ ಅಕ್ಕ? ತೆಗೆಯಲೇಬೇಕು" ಎಂದು, ತನಗೆ ಇಷ್ಟವೇ ಇಲ್ಲದವಳಂತೆ ಮುಖ ಮಾಡಿದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದರೆ ಇಬ್ಬರೂ ಕಹಿ ಕಷಾಯ ಕುಡಿದವರ ಹಾಗೆ ನಿಂತಿದ್ದರು.

ರಜೆಯ ದಿನ ಡ್ರೈವರ್ ಸುತ್ತಿಗೆ ಹಿಡಿದ. ತಾನು ಹೊಡೆದ ಮೊಳೆಗಳು ಸಲೀಸಾಗಿ ಬಂದವು. ಅಣ್ಣನವು ಬರಲೊಲ್ಲೆವು ಎಂದವು. "ನೋಡಿ ಅತ್ತಿಗೆ, ಹೋದ ಮೇಲೂ ನಿಮ್ಮ ಯಜಮಾನ್ರು ಜಗ್ಗಲ್ಲ" ಎಂದು ಬೆವರು ಒರೆಸಿಕೊಂಡ. "ನಿಮ್ಮಣ್ಣ ಕೆಲಸ ಗಟ್ಟಿ ಮಾಡ್ತಿದ್ರು ಕಣೋ, ನಿನ್ನ ಹಾಗೆ ತೇಲಿಸ್ತಿರಲಿಲ್ಲ" ಎಂದಳು ಅತ್ತಿಗೆ. ಎರಡು ಹಲಗೆಗಳ ನಡುವೆ, ಹಿಂದೆ ಬಾಗಿಲಿಗೆ ಕಟ್ಟಿದ್ದ ಪರದೆ ಹಪ್ಪಳದಂತೆ ಅಪ್ಪಚ್ಚಿಯಾಗಿ ನಿಂತಿತ್ತು. ಜಗಳದ ಭರದಲ್ಲಿ ಅದನ್ನು ಬಿಚ್ಚುವುದು ಯಾರಿಗೂ ಹೊಳೆದಿರಲಿಲ್ಲ. ಧೂಳಿಗೆ ಮೂವರೂ ಸೀನಿದರು, ಸೀನುತ್ತಲೇ ನಕ್ಕರು.

ಆಮೇಲೆ ಸಾಮಾನು ಸಾಗಿಸುವ ಕೆಲಸ. ಇಸ್ತ್ರಿಯಕ್ಕನ ಒಲೆ, ಪಾತ್ರೆ, ಡಬ್ಬಿಗಳು ಓರಗಿತ್ತಿಯ ಅಡುಗೆಮನೆಗೆ ಬಂದವು. ಖಾಲಿಯಾದ ಇಸ್ತ್ರಿಯಕ್ಕನ ಅಡುಗೆಮನೆಗೆ ಇದ್ದಿಲಿನ ಮೂಟೆ ತುಂಬಿದರು. ಡ್ರೈವರ್ ಇಬ್ಬರಿಗೂ ಪಾಠ ಹೇಳಿದ: "ಇನ್ಸ್‌ಪೆಕ್ಟರ್ ಮುಂದೆ ಜಾಸ್ತಿ ಮಾತು ಬೇಡ. ಕೇಳಿದ್ದಕ್ಕೆಲ್ಲ 'ಹೌದು ಸಾರ್' ಅಂದ್ರೆ ಸಾಕು. ಅತ್ತಿಗೆ, ಮುಖ್ಯವಾಗಿ ನಿಮಗೆ ಹೇಳ್ತಿರೋದು."

ಇನ್ಸ್‌ಪೆಕ್ಟರ್ ಬಂದದ್ದು ಮಧ್ಯಾಹ್ನ, ಒಲೆಯ ಮೇಲೆ ತರಕಾರಿ ಬೇಯುತ್ತಿದ್ದಾಗ. ಹೊಟ್ಟೆ ಸ್ವಲ್ಪ ಮುಂದಿದ್ದ, ಆತುರವಿಲ್ಲದ ಮನುಷ್ಯ. ಬಾಗಿಲಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಡಾಡಿದ. ಇದ್ದಿಲಿನ ಕೋಣೆ ಇಣುಕಿದ. "ಹೌದು ಸಾರ್", "ಹೌದು ಸಾರ್" ಎಂದು ಓರಗಿತ್ತಿಯರಿಬ್ಬರೂ ಶಾಲೆಯ ಮಕ್ಕಳಂತೆ ಹಿಂದೆ ಹಿಂದೆ ನಡೆದರು. ಕೊನೆಗೆ ಆತ ಅಡುಗೆಮನೆಯ ಕಪಾಟಿನ ಮುಂದೆ ನಿಂತ.

"ಅಡುಗೆಮನೆ ಒಂದು, ಉಪ್ಪಿನ ಡಬ್ಬಿ ಎರಡು ಯಾಕೆ?"

ಇದನ್ನು ಯಾರೂ ಯೋಚಿಸಿರಲಿಲ್ಲ. ಓರಗಿತ್ತಿ ಗಾಬರಿಯಲ್ಲಿ "ಅದು... ಒಂದು ಹಳೇದು ಸಾರ್, ಬಿಸಾಕೋದು" ಎಂದುಬಿಟ್ಟಳು.

"ಯಾವುದು ಬಿಸಾಕೋದು? ನನ್ನದಾ?" ಇಸ್ತ್ರಿಯಕ್ಕನಿಗೆ ಪಾಠವೆಲ್ಲ ಮರೆತುಹೋಯಿತು. "ಅಲ್ಲವೇ, ಈ ಮನೆಗೆ ಬಂದಾಗ ನಿನಗೆ ಉಪ್ಪು ಯಾವುದು, ಸಕ್ಕರೆ ಯಾವುದು ಗೊತ್ತಿತ್ತಾ? ಈಗಲೂ ನಿನ್ನ ಅಡುಗೆಗೆ ಉಪ್ಪು ತೋರಿಸಿ ಎತ್ತಿಡ್ತೀಯ. ಬಿಸಾಕೋದಾದ್ರೆ ಖಾಲಿನೇ ಆಗದ ನಿನ್ನ ಡಬ್ಬಿ ಬಿಸಾಕು!"

"ನೀವು ಹಾಕೋ ಉಪ್ಪು ತಿಂದ್ರೆ ಆಮೇಲೆ ಕೆರೆನೇ ಕುಡೀಬೇಕು!"

"ಕುಡಿದೆಯಲ್ಲ! ಕುಡಿದೇ ಗುಂಡುಗುಂಡಗೆ ಆದೆ!" ಎಂದವಳು ಮೈದುನನ ಕಡೆ ತಿರುಗಿದಳು. "ನೀನು ಹೇಳೋ, ಯಾರ ಕೈರುಚಿ ಚೆನ್ನ?"

ಊರಿನ ಟ್ರಾಫಿಕ್ಕಿನಲ್ಲಿ ಬಸ್ಸು ನುಗ್ಗಿಸುವ ಡ್ರೈವರ್ ಗೋಡೆಗೆ ಒರಗಿ, "ನನಗೆ ಡ್ಯೂಟಿಗೆ ಹೊತ್ತಾಯ್ತು" ಎಂದ. ಅವತ್ತು ಅವನಿಗೆ ಡ್ಯೂಟಿಯೇ ಇರಲಿಲ್ಲ.

ಓರಗಿತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು. "ಅಷ್ಟು ಕೈರುಚಿ ಇದ್ದೋರು ಇಷ್ಟು ವರ್ಷ ಹಲಗೆ ಆಚೆ ಒಬ್ಬರೇ ಬೇಯಿಸ್ಕೊಂಡು ಯಾಕೆ ಕೂತಿದ್ರಿ?"

ಮಾತು ಬಾಯಿ ದಾಟಿದ ಮೇಲೆಯೇ ಅವಳಿಗೆ ಏನಾಯಿತೆಂದು ಗೊತ್ತಾದದ್ದು. ಡ್ರೈವರ್ ಹಣೆ ಚಚ್ಚಿಕೊಂಡ. ಇನ್ಸ್‌ಪೆಕ್ಟರ್ ಪೆನ್ನು ಹಿಡಿದುಕೊಂಡು ನಿಂತೇ ಇದ್ದ. ಇಸ್ತ್ರಿಯಕ್ಕ ಅವನನ್ನು ನೋಡಲಿಲ್ಲ.

"ನೀನು ಕರೀಲಿಲ್ಲ. ಅದಕ್ಕೆ" ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆಯೆಂದು ಮೈದುನನಿಗೂ ಗೊತ್ತಿರಲಿಲ್ಲ.

"ನಿಮ್ಮ ಮನೆಗೆ ನಿಮ್ಮನ್ನ ಕರೆಯೋದು ಏನಕ್ಕಾ?"

ತರಕಾರಿ ತಳ ಹಿಡಿಯುವ ವಾಸನೆ ಬಂತು. ಇನ್ಸ್‌ಪೆಕ್ಟರೇ ಕೈ ಚಾಚಿ ಒಲೆ ಆರಿಸಿದ. "ನೋಡಿ, ನಾಟಕ ಆಡೋ ಮನೆಗಳು ನನಗೆ ದಿನಾ ಸಿಗುತ್ವೆ" ಎಂದ. "ಅಲ್ಲಿ ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡ್ತಾರೆ. 'ಬನ್ನಿ, ಕೂತ್ಕೊಳ್ಳಿ, ನೀವು ಹೇಳಿದ ಹಾಗೇ ಆಗ್ಲಿ' ಅಂತ. ಇಂಥ ಜಗಳ ಎರಡು ಮನೆಯೋರಿಗೆ ಆಡೋಕೆ ಬರಲ್ಲ. ಒಂದೇ ಮನೆ ಅಂತ ಬರ್ಕೊಂಡಿದ್ದೀನಿ." ಹೊಸ್ತಿಲು ದಾಟುವಾಗ ತಿರುಗಿ, "ಉಪ್ಪಿನ ವಿಷಯ ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದು ಹೋದ.

ಮಾರನೆಯ ಮಧ್ಯಾಹ್ನ ಲೈನ್‌ಮನ್ ಬಂದು ಇಸ್ತ್ರಿಯಕ್ಕನ ಮೀಟರು ಬಿಚ್ಚಿಕೊಂಡು ಹೋದ. ಗೋಡೆಯ ಮೇಲೆ ಅದಿದ್ದ ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಒಳಗಿನ ವೈರಿಂಗ್ ಮಾಡುವವನು ಮುಂದಿನ ವಾರ ಬರುತ್ತೇನೆಂದಿದ್ದ. ಅಲ್ಲಿಯವರೆಗೆ ಇರಲಿ ಎಂದು ಡ್ರೈವರ್ ತನ್ನ ಅಡುಗೆಮನೆಯಿಂದ ಒಂದು ವೈರು ಎಳೆದು, ಬಾಗಿಲಿನ ಮೇಲಿಂದ ಹಾಯಿಸಿ ಅತ್ತಿಗೆಯ ಬಲ್ಬಿಗೆ ಕೊಟ್ಟ. ಸ್ವಿಚ್ಚು ಮಾತ್ರ ಓರಗಿತ್ತಿಯ ಅಡುಗೆಮನೆಯಲ್ಲೇ ಉಳಿಯಿತು.

"ಬೇಕಿದ್ರೆ ಗೋಡೆಗೆ ಒಂದು ತೂತು ಹೊಡೆದು ವೈರು ತೂರಿಸ್ತೀನಿ ಅತ್ತಿಗೆ. ಬಾಗಿಲು ಮತ್ತೆ ಮುಚ್ಕೋಬಹುದು. ಒಂದು ದಿನದ ಮಟ್ಟಿಗೆ ಅಂದಿದ್ರಲ್ಲ" ಎಂದ. ಹಾಗೆನ್ನುವಾಗ ಅವನ ಕಣ್ಣು ನೆಲದ ಮೇಲಿತ್ತು.

ಇಸ್ತ್ರಿಯಕ್ಕ ಓರಗಿತ್ತಿಯನ್ನು ನೋಡಿದಳು. ಅವಳು ಹಿಟ್ಟು ನಾದುತ್ತಲೇ ಇದ್ದಳು, ತಲೆ ಎತ್ತಲಿಲ್ಲ. 'ನಿಮ್ಮ ಮನೆ' ಎಂದ ನಿನ್ನೆಯ ಮಾತು ನಿಜದ್ದೋ, ಕೋಪದ್ದೋ? ಮತ್ತೆ ಅದೇ ಹಳೆಯ ಅಳುಕು. "ನಾಳೆ ನೋಡೋಣ" ಎಂದು ಇಸ್ತ್ರಿಯಕ್ಕ ತನ್ನ ಕಡೆಗೆ ನಡೆದಳು.

ಸಂಜೆಯಾಯಿತು. ಕೆಂಡ ಆರಿಸಿ, ಮಡಿಸಿದ ಬಟ್ಟೆಗಳನ್ನು ಗಂಟು ಕಟ್ಟಿ ಒಳಗೆ ಬಂದು ಕೂತಳು. ಹೊತ್ತು ಮುಳುಗುತ್ತಿತ್ತು. ಕೈ ಅಭ್ಯಾಸದಂತೆ ಗೋಡೆಯ ಹಳೆಯ ಸ್ವಿಚ್ಚನ್ನು ಒತ್ತಿತು, ಅದರಲ್ಲಿ ಜೀವವಿರಲಿಲ್ಲ. ದೀಪ ಬೇಕಾದರೆ ಕೂಗಬೇಕು. ಕಚೇರಿಯ ಕಿಂಡಿಯಲ್ಲಿ ಅಷ್ಟು ಮಾತಾಡಿದ ಬಾಯಿಗೆ ಎರಡು ಮಾತು ಭಾರವಾಯಿತು. ಬಟ್ಟೆಯ ಗಂಟು ಕಾಣದಷ್ಟು ಕತ್ತಲಾಯಿತು. ಆ ಕಡೆಯಲ್ಲೂ ಸದ್ದಿರಲಿಲ್ಲ.

"ಏ ಹುಡುಗಿ" ಎಂದಳು ಕೊನೆಗೆ. ಆಮೇಲೆ ಜೋರಾಗಿ ಕೂಗಿದಳು: "ಏ ಹುಡುಗೀ, ದೀಪ ಹಾ..."

ಮಾತು ಮುಗಿಯುವ ಮೊದಲೇ ದೀಪ ಹತ್ತಿತು. ತೆರೆದ ಬಾಗಿಲಿನಲ್ಲಿ ಆ ಕಡೆಯ ಅಡುಗೆಮನೆ ಕಾಣುತ್ತಿತ್ತು. ಓರಗಿತ್ತಿ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವಳ ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು.