ತವರಿಗೆ ಬಂದ ಹೊಳೆ

ಮಳೆಗಾಲಕ್ಕೆ ಮೊದಲೇ ಸಾಹೇಬರು ಪ್ರವಾಹಕ್ಕೆ ಸಜ್ಜಾಗಿದ್ದರು. ನಮ್ಮೂರಿಗೆ ಬಂದು ಸಭೆ ನಡೆಸಿ, ಚುರುಮುರಿ ಸುಸಲಾ ತಿಂದು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಹೋದರು. ಆ ಬ್ಯಾನರನ್ನು ಮರುದಿನವೇ ಯಾರೋ ಜೋಳದ ಕಣಿಕೆಯ ಬಣವೆಗೆ ಹೊದಿಸಿದರು. ಒಂದು ಹನಿಯೂ ಒಳಗಿಳಿಯಲಿಲ್ಲ, ಹಾಗಾಗಿ ಸಭೆ ದಂಡವಾಯಿತು ಎನ್ನುವಂತಿಲ್ಲ.

ಘತ್ತರಗಿ ಹತ್ತಿರ ಭೀಮಾ ದಂಡೆಯಲ್ಲೇ ನಮ್ಮ ಮಣ್ಣಿನ ಮನೆ. ಮಹಾರಾಷ್ಟ್ರದ ಕಡೆ ಅಣೆಕಟ್ಟಿನ ಗೇಟು ಎತ್ತಿದರೆಂದು ಸುದ್ದಿ ಬಂದ ದಿನ, ಊರಿನ ಲೆಕ್ಕಪತ್ರ ನೋಡುವ ತಲಾಟಿ ಮಹೇಶಕುಮಾರ ಆಟೊಗೆ ಮೈಕು ಕಟ್ಟಿಸಿಕೊಂಡು ಬಂದ. "ಸಾರ್ವಜನಿಕರು ನದಿ ದಂಡೆಗೆ ಹೋಗಬಾರದು" ಎಂದು ಕೂಗಿಸಿದ. ನಾವೇಕೆ ಹೋಗೋಣ? ಅಷ್ಟೊತ್ತಿಗೆ ನದಿಯೇ ನಮ್ಮ ಹಿತ್ತಲಿಗೆ ಬಂದಿತ್ತು. ನಮ್ಮನೆಯವರು ಮೊದಲು ಎಮ್ಮೆಗಳನ್ನು ಊರಬಾಗಿಲಾದ ಅಗಸಿಯ ದಿಬ್ಬಕ್ಕೆ ಹೊಡೆದುಕೊಂಡು ಹೋದರು. ಹಾಲು ಕೊಡುವವರಿಗೆ ಮೊದಲ ಮರ್ಯಾದೆ. ತಾಯಿ, ಹೆಂಡತಿ ಎರಡನೇ ಸುತ್ತಿಗೆ.

ಆದರೆ ತಾಯಿ ಏಳಬೇಕಲ್ಲ! ನಮ್ಮತ್ತೆ ನಿಂಬೆವ್ವ ಒಲೆ ಮುಂದೆ ಹೋಳಿಗೆ ಲಟ್ಟಿಸುತ್ತ ಕುಳಿತಿದ್ದರು. ಹೊಳೆ ಮನೆಯ ತನಕ ಬಂದರೆ ಅವರಿಗದು ಪ್ರವಾಹವಲ್ಲ, ತವರಿಗೆ ಬಂದ ಮಗಳು. ಉಡಿ ತುಂಬಬೇಕು, ಸಿಹಿ ಕೊಡಬೇಕು.

"ಅತ್ತಿ, ಗ್ವಾಡಿ ನೆನಿಯಾಕತ್ತೈತ್ರಿ. ಏಳ್ರಿ," ಎಂದೆ.

"ಮಗಳು ಬಂದಾಗ ಬಾಗಲಕ್ಕ ಕೀಲಿ ಹಾಕ್ಕೊಂಡು ಹೋಗ್ತಾರೇನ್ ಬೇ? ನೀ ತವರಿಗೆ ಹೋದಾಗ ನಿಮ್ಮವ್ವ ಓಡಿಹೋಗಿದ್ಲೇನು?"

ನಾನು ಹೋದರೆ ಯಾರ ಹೊಲವೂ ಮುಳುಗುವುದಿಲ್ಲ ಎನ್ನಬೇಕೆನಿಸಿತು. ಮಹೇಶಕುಮಾರ ಬಂದು, "ಆಯಿ, ಕಾಳಜಿ ಕೇಂದ್ರಕ್ಕ ನಡೀರಿ, ಮ್ಯಾಲಿಂದ ಆರ್ಡರ್ ಐತ್ರಿ," ಎಂದು ಕೈಮುಗಿದ. ಅತ್ತೆ ಅವನ ಕೈಗೂ ಹೋಳಿಗೆ ಕೊಟ್ಟರು. ಸರ್ಕಾರ ತುಪ್ಪ ಹಾಕಿಸಿಕೊಂಡು ತಿಂದು ಹೋಯಿತು.

ನೀರು ಹೊಸ್ತಿಲು ದಾಟಿ ನನ್ನ ಹಿಮ್ಮಡಿ ಮುಟ್ಟಿತು. ಅತ್ತೆಯನ್ನು ಬಿಟ್ಟು ಓಡಲು ಮನಸ್ಸಾಗಲಿಲ್ಲ. ದಿನಾ ಜಗಳಾಡಿದರೂ ನನಗೆ ಅವರು ಬೇಕು. ಅರಿಶಿನ, ಕುಂಕುಮ, ಕೊಬ್ಬರಿ, ರವಿಕೆಗೆಂದು ಕೊಡುವ ಕುಬಸದ ಕಣ ಎಲ್ಲವನ್ನೂ ಅವರ ಕೈಯಿಂದಲೇ ನೀರಿಗೆ ಬಿಡಿಸಿದೆ.

"ಉಡಿ ತುಂಬಿದ್ದಾತ್ರಿ ಅತ್ತಿ. ಮಗಳನ್ನ ಕಳಸಾಕ ಅಗಸಿತನಕ ಹೋಗೂದಿಲ್ಲೇನ್ರಿ? ಬಾಗಲದಾಗ ನಿಂತು ಹೋಗು ಅಂದ್ರ ಆಕಿ ಏನ್ ಅಂದ್ಕೊತಾಳ?"

ಅತ್ತೆ ಗಡಬಡಿಸಿ ಎದ್ದರು. ರೀತಿ ತಪ್ಪಿದರೆ ಊರವರು ಆಡಿಕೊಳ್ಳುತ್ತಾರಲ್ಲ! ಹೊಳೆ ಹೋಗುವುದು ಯಾವ ಕಡೆ, ಅಗಸಿ ಇರುವುದು ಯಾವ ಕಡೆ ಎಂದು ಕೇಳಲಿಲ್ಲ, ನನ್ನ ಪುಣ್ಯ. ಸೆರಗು ಹೊದ್ದು, ಹೋಳಿಗೆಯ ಬುತ್ತಿ ಹಿಡಿದು ನನ್ನ ಜೊತೆ ದಿಬ್ಬ ಹತ್ತಿದರು.

ಮೇಲೆ ನಿಂತು ತಿರುಗಿ ನೋಡುವಾಗ ನಮ್ಮ ಮನೆ ಕುಸಿಯಿತು. ಗೋಡೆಗಳು ಒಂದರ ಹಿಂದೊಂದು ನೀರಿಗೆ ಬಿದ್ದವು. ಮಹೇಶಕುಮಾರ ಫೋನಿನಲ್ಲಿ, "ಇಬ್ರನ್ನೂ ನಾವಽ ರಕ್ಷಣಾ ಮಾಡೇವ್ರಿ ಸರ್," ಎನ್ನುತ್ತಿದ್ದ.

ನಾನು ಗೋಳೋ ಎಂದು ಅಳತೊಡಗಿದೆ. ಅತ್ತೆ ನನ್ನ ಕೈ ಹಿಡಿದರು.

"ಅಳಬ್ಯಾಡ ಬೇ," ಎಂದರು. "ಇಷ್ಟು ವರ್ಷ ಮಗಳನ್ನ ಬರೇ ಕುಬಸದ ಮ್ಯಾಲ ಕಳಸಿದ್ವಿ. ಈ ಸಲ ತನ್ನ ಪಾಲು ತೊಗೊಂಡು ಹೋದ್ಲು."