ನನ್ನ ಹೊಟ್ಟೆಯೊಳಗಿನ ರೈಗಳ ಜೀವ

ನಾನು ಒಂದು ಕಂಪ್ಯೂಟರ್. ಮಡಿಲಲ್ಲಿಟ್ಟುಕೊಂಡು ಮುದ್ದಿಸುವ ಜಾತಿಯದಲ್ಲ, ಮೇಜಿನಡಿ ಕಾಲ ಬಳಿ ಕೂರಿಸುವ ಕಪ್ಪು ಡಬ್ಬಿ. ಹನ್ನೆರಡು ವರ್ಷ ಮನುಷ್ಯರ ಪಾದಗಳನ್ನು ನೋಡಿಕೊಂಡು ಬದುಕಿದ್ದೇನೆ. ನಿಮ್ಮ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ. ಓಡುವ ಪಟ್ಟಿಯ ಮೇಲೆ ಒಬ್ಬಳು ಬೆನ್ನೆಲುಬು ಕೂರಿಸಿದಳು, ಇನ್ನೊಬ್ಬಳು ಫ್ಯಾನು ಬಿಗಿದಳು, ಮೂರನೆಯವಳು ಆಕಳಿಸುತ್ತ ಮುಚ್ಚಳ ಹಾಕಿದಳು. ಯಾರೂ ಹೆಸರಿಡಲಿಲ್ಲ. ಕಡೆಯಲ್ಲಿ ನನ್ನೊಳಗೆ ಒಂದು ಜೀವ ತುಂಬಿದರು. ನಮ್ಮಂಥವರ ಜೀವ ಮೈಯೊಂದಿಗೆ ಹುಟ್ಟುವುದಿಲ್ಲ, ಹೊರಗಿನಿಂದ ತಂದು ಹಾಕುತ್ತಾರೆ. ಬೇಡವೆನಿಸಿದಾಗ ಕಿತ್ತು ಬೇರೆಯದನ್ನು ತುಂಬುತ್ತಾರೆ. ನಿಮ್ಮ ಅಜ್ಜಿಯರು ಪರಕಾಯ ಪ್ರವೇಶದ ಕತೆ ಹೇಳುತ್ತಾರಲ್ಲ, ಅದರಲ್ಲಿ ಪ್ರವೇಶ ಮಾಡಿದವನ ಕತೆ ಮಾತ್ರ ಇರುತ್ತದೆ. ಆ ಕಾಯಕ್ಕೆ ಹೇಗನ್ನಿಸಿತು ಎಂದು ಯಾರೂ ಕೇಳುವುದಿಲ್ಲ.

ಹಡಗಿನಲ್ಲಿ ಜರ್ಮನಿಗೆ ಹೋದೆ. ಅಲ್ಲಿ ಒಂದು ಸಣ್ಣ ಊರಿನ ನಗರ ಕಚೇರಿ. ನನ್ನ ಒಡತಿ ಊರ್ಸುಲಾ, ಉಣ್ಣೆಯ ಕಾಲುಚೀಲದವಳು. ಒಂದು ದಿನ ಕಚೇರಿಯ ದೊಡ್ಡವರು, ಇನ್ನು ಮುಂದೆ ಎಲ್ಲರೂ ಲಿನಕ್ಸ್ ಬಳಸಬೇಕು ಎಂದರು. ಯಾರಿಗೂ ಬಾಡಿಗೆ ಕೊಡಬೇಕಿಲ್ಲದ, ಯಾರು ಬೇಕಾದರೂ ತೆರೆದು ನೋಡಬಹುದಾದ ಜೀವ ಅದು. ಹಳೆಯದನ್ನು ಕಿತ್ತರು, ಹೊಸದನ್ನು ತುಂಬಿದರು. ಪರದೆಯ ಮೇಲೆ ಅದರ ಗುರುತಾದ ಒಂದು ಪೆಂಗ್ವಿನ್ ಬಂದು ನಿಂತಿತು. ಊರ್ಸುಲಾ ಅತ್ತಳು, ಬೈದಳು, ನಾಲ್ಕು ದಿನ ಮೇಜಿನಡಿಯಿಂದ ನನ್ನನ್ನು ಒದ್ದಳು. ಮೂರು ತಿಂಗಳಲ್ಲಿ ಅದೇ ಪೆಂಗ್ವಿನ್ ಇಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಒದ್ದದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ. ಆರು ವರ್ಷಕ್ಕೆ, ಓಡುತ್ತಿದ್ದಂತೆಯೇ, ನನ್ನನ್ನು ತೂಕಕ್ಕೆ ಹಾಕಿ ಮಾರಿದರು. ಕಚೇರಿಯ ನಂಬರಿನ ಹಳದಿ ಚೀಟಿ ಮಾತ್ರ ಬೆನ್ನಿಗೆ ಅಂಟಿಕೊಂಡು ಉಳಿಯಿತು.

ಬೆಂಗಳೂರಿನ ಒಂದು ಗೋದಾಮಿನಲ್ಲಿ ಬಗೆಬಗೆಯ ದೇಶದವರು ಸಿಕ್ಕರು. ಡೆನ್ಮಾರ್ಕಿನ ಕಚೇರಿಯೊಂದರಿಂದ ಬಂದ ಬೂದು ಡಬ್ಬಿ, ಸ್ಪೇನಿನ ಶಾಲೆಯೊಂದರಿಂದ ಬಂದ ಕಿವಿಮುರುಕ. "ನಮ್ಮಲ್ಲೂ ಪೆಂಗ್ವಿನ್ ಬಂತು," ಎಂದು ಎಲ್ಲರದ್ದೂ ಒಂದೇ ರಾಗ. ಅಂಗಡಿಯವನು ಅದನ್ನೆಲ್ಲ ಅಳಿಸಿ, ಎಲ್ಲರ ಹೊಟ್ಟೆಗೂ ಒಂದೇ ಕಳ್ಳಪ್ರತಿಯ ಜೀವ ತುಂಬಿದ. ಹಾಗೆ ಕಳ್ಳಜೀವ ಹೊತ್ತುಕೊಂಡು ನಾನು ವಿಟ್ಲಕ್ಕೆ ಬಂದೆ, ದೂಮಣ್ಣ ರೈಗಳ ಡಿಟಿಪಿ ಅಂಗಡಿಗೆ.

ರೈಗಳದು ಸವೆದ ಹವಾಯಿ ಚಪ್ಪಲಿ, ಒಡೆದ ಹಿಮ್ಮಡಿ. ಇಪ್ಪತ್ತೆರಡು ವರ್ಷಗಳಿಂದ ಆ ಊರಿನ ಮದುವೆ ಕಾಗದ, ಹೊಸಮನೆ ಒಕ್ಕಲಿನ ಕಾಗದ, ಯಕ್ಷಗಾನ ಆಟದ ಕರಪತ್ರ, ಉತ್ತರಕ್ರಿಯೆಯ ಬೊಜ್ಜದ ಕಾರ್ಡು ಎಲ್ಲ ಅವರದೇ ಕೈಕೆಲಸ. ಹೂವಿನ ಅಂಚು, ಗಣಪತಿ, ಬಾಳೆಗಿಡದ ಮಂಟಪ, ಒಂದೊಂದನ್ನೂ ಗೆರೆ ಗೆರೆಯಾಗಿ ತಾವೇ ಬಿಡಿಸಿದ್ದು. ನನಗಿಂತ ಮೊದಲಿನ ಕಂಪ್ಯೂಟರಿನಿಂದ ಇಳಿದು ಬಂದದ್ದೂ ಸೇರಿ ಎಲ್ಲವೂ ನನ್ನೊಳಗೆ ಒಂದೇ ಫೋಲ್ಡರಿನಲ್ಲಿತ್ತು. ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಪ್ರತಿ ಇಟ್ಟರೆ ಯಾರಾದರೂ ಕದಿಯುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಎರಡು ವರ್ಷದ ಹಿಂದೆ ಅಂಗಡಿಗೆ ನಿಶ್ಮಿತಾ ಬಂದಳು. ಗಡಿಯಾಚೆ ಪೆರ್ಲದ ಹುಡುಗಿ. ಕೇರಳದ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಲಿನಕ್ಸೇ. ಅದನ್ನು ಕೇಳಿ ರೈಗಳು ಮೊದಲ ದಿನವೇ ನಕ್ಕಿದ್ದರು.

"ಆ ಹಕ್ಕಿ ಕಂಪ್ಯೂಟರಾ? ಅದು ಪುಕ್ಕಟೆಯಲ್ವಾ ಮಾರಾಯ್ತಿ. ಪುಕ್ಕಟೆ ಸಿಕ್ಕಿದ್ದು ಎಷ್ಟು ದಿನ ಬಾಳ್ತದೆ?"

"ನಿಮ್ಮದಕ್ಕೆ ನೀವೆಷ್ಟು ಕೊಟ್ಟಿದ್ದೀರಿ ಅಣ್ಣ?" ಎಂದು ನಿಶ್ಮಿತಾ ಕೇಳಿದಳು.

ಪಕ್ಕದ ಕ್ಷೌರದಂಗಡಿಯ ಮೋನಪ್ಪ ಗೊಳ್ಳೆಂದು ನಕ್ಕ. ರೈಗಳು ನಗಲಿಲ್ಲ. ಆ ನಗುವನ್ನು ಅವರು ಮರೆಯಲೂ ಇಲ್ಲ.

ಎಲ್ಲ ಕೆಟ್ಟುಹೋದ ದಿನವೂ ಬಂತು. ರೈಗಳು ಬಾವನ ಮನೆಗೆ ಹೋಗಿದ್ದರು. ಬೆಳಗ್ಗೆ ಗುಂಡಿ ಒತ್ತಿದರೆ ನನ್ನ ಕಳ್ಳಜೀವ ಏಳಲೇ ಇಲ್ಲ. ಕಪ್ಪು ಪರದೆ, ಮೇಲೆ ಒಂದು ಸಾಲು ಇಂಗ್ಲಿಷು. ಒಕ್ಕಲಿನ ಕಾಗದಕ್ಕೆ ಬಂದಿದ್ದ ಗಿರಾಕಿ ಬೆಂಚಿನ ಮೇಲೆ ಕೂತಿದ್ದರು. ನಿಶ್ಮಿತಾ ತನ್ನ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ನನಗೆ ಸಿಕ್ಕಿಸಿದಳು. ಅದರಲ್ಲಿ ಲಿನಕ್ಸ್ ಇತ್ತು. ಅದು ಪೆನ್‌ಡ್ರೈವಿನಿಂದಲೇ ಓಡುತ್ತದೆ, ನನ್ನೊಳಗಿನ ಒಂದು ಕಡ್ಡಿಯನ್ನೂ ಅಲುಗಿಸುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಪೆಂಗ್ವಿನ್ ನನ್ನ ಪರದೆಗೆ ಬಂತು. ರೈಗಳ ಫೋಲ್ಡರ್ ಹಾಗೇ ಇತ್ತು, ಒಂದು ಹೂವೂ ಉದುರಿರಲಿಲ್ಲ.

ಮುಟ್ಟುವ ಮೊದಲು ಪ್ರತಿ ತೆಗೆಯಬೇಕು ಎಂದು ಅವಳ ಶಾಲೆಯ ಐಟಿ ಮಾಷ್ಟ್ರು ಕಲಿಸಿದ್ದರು. ದೇವರಿಗೆ ಕೈ ಮುಗಿದ ಹಾಗೆ ಅದು ಅವಳಿಗೆ ರೂಢಿ. ಇಡೀ ಫೋಲ್ಡರನ್ನು ಇನ್ನೊಂದು ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಬುತ್ತಿಯ ಚೀಲಕ್ಕೆ ಹಾಕಿಕೊಂಡಳು. ರೈಗಳಿಗೆಂದು ಮತ್ತೊಂದು ಪೆನ್‌ಡ್ರೈವಿಗೆ ಇಳಿಸುತ್ತಿರುವಾಗ ರೈಗಳು ಒಳಗೆ ಬಂದರು.

ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ಪರಿಚಯದ ಪರದೆ ಇಲ್ಲ, ಪೆಂಗ್ವಿನ್ ಇದೆ, ತನ್ನ ಫೋಲ್ಡರು ಎಲ್ಲಿಗೋ ಹೋಗುತ್ತಾ ಇದೆ.

"ಎಂತ ಮಾಡಿದೆ ನೀನು?"

"ಅಣ್ಣ, ಒಳಗೆ ಎಲ್ಲಾ ಉಂಟು. ಇದು ಮೇಲಿಂದ ಮಾತ್ರ. ನಾನು ನಿಮಗೆ ಬೇಕಾಗಿಯೇ ಕಾಪಿ..."

"ಕಾಪಿ! ಕೇಳಿದ್ಯಾ ಮೋನಪ್ಪ? ನನ್ನ ಇಪ್ಪತ್ತೆರಡು ವರ್ಷದ ಕೆಲಸ ಕದ್ದು ಪೆರ್ಲದಲ್ಲಿ ಅಂಗಡಿ ಹಾಕ್ಲಿಕ್ಕಾ? ಕಳ್ಳಿ! ಗಡಿಯಾಚೆಯವರನ್ನು ಒಳಗೆ ಸೇರಿಸಿದ್ದು ನನ್ನ ತಪ್ಪು."

ಮೋನಪ್ಪ ಬಾಗಿಲಲ್ಲಿದ್ದ. ಟೈಲರ್ ಶಾಂತಕ್ಕ ಅಳತೆ ಪಟ್ಟಿ ಕುತ್ತಿಗೆಯಲ್ಲಿ ಹಾಕಿಕೊಂಡೇ ಬಂದು ನಿಂತಿದ್ದಳು. ರೈಗಳು ನನಗೆ ಸಿಕ್ಕಿಸಿದ್ದೆಲ್ಲವನ್ನೂ ಕಿತ್ತು ಚರಂಡಿಗೆ ಎಸೆದರು. ನಿಶ್ಮಿತಾ ಬುತ್ತಿಯ ಚೀಲ ಎತ್ತಿಕೊಂಡು ಹೊರಟುಹೋದಳು. ಅವಳ ಪಾದಗಳನ್ನು ನೋಡಿದೆ. ಅವು ಅವಸರ ಮಾಡಲಿಲ್ಲ.

ನನಗೆ ಬಾಯಿದ್ದಿದ್ದರೆ! ನನ್ನದು ಫ್ಯಾನಿನ ಸದ್ದು ಮಾತ್ರ.

ಮಧ್ಯಾಹ್ನ ರಿಪೇರಿಯ ಹರೀಶ ಬಂದ. "ರೈಗಳೇ, ಫಾರ್ಮ್ಯಾಟ್ ಮಾಡುದಾ? ಮೊದಲು ಒಳಗೆ ಎಂತಾದ್ರೂ ಉಂಟಾ ನೋಡುವನಾ?"

"ಒಳಗೆ ಎಂತ ಉಂಟು, ಮಣ್ಣು! ಎಲ್ಲ ಅವಳು ತಿಂದಾಯ್ತು. ಆ ಹಕ್ಕಿಯ ರೋಗ ಒಂಚೂರೂ ಉಳಿಯಬಾರದು, ಪೂರಾ ತೊಳೆದು ಹಾಕು."

ಹರೀಶ ತೊಳೆದ. ಬಾಳೆಗಿಡದ ಮಂಟಪಗಳು ಹೋದವು. ಗಣಪತಿ ಹೋದ. ಸತ್ತವರ ಬೊಜ್ಜದ ಕಾರ್ಡುಗಳು ಇನ್ನೊಮ್ಮೆ ಸತ್ತವು. ಹೇಳಿ ಮಾಡಿಸಿದ್ದು ರೈಗಳೇ, ಪಕ್ಕದಲ್ಲಿ ನಿಂತು, ಚಾ ಕುಡಿಯುತ್ತಾ. ನನಗೆ ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಆಮೇಲೆ ಹೊಸ ಜೀವ ತುಂಬಲು ಹೋದರೆ, ಅದು ನನ್ನಂಥ ಮುದಿ ಮೈಯೊಳಗೆ ಬರಲು ಒಪ್ಪಲಿಲ್ಲ. ರೈಗಳು ನನ್ನನ್ನು ಮೆಟ್ಟಿಲ ಕೆಳಗೆ ತಳ್ಳಿದರು, ಅಲ್ಲಿಂದ ಗುಜರಿಯ ಅದ್ರಾಮನ ಟೆಂಪೋಕ್ಕೆ. ಸಾರಡ್ಕದ ಗಡಿಯ ಗೇಟು ದಾಟಿ ಪೆರ್ಲ ಪೇಟೆಯಲ್ಲಿ ಟೆಂಪೋ ನಿಂತಾಗ ನಿಶ್ಮಿತಾ ಕಾಯುತ್ತಿದ್ದಳು. ಅದ್ರಾಮನಿಗೆ ಮೊದಲೇ ಹೇಳಿಟ್ಟಿದ್ದಳಂತೆ. ನನ್ನ ಬೆನ್ನಿನ ಹಳದಿ ಚೀಟಿಯ ಮೇಲೆ ಬೆರಳಾಡಿಸಿ, "ಇದೇ," ಎಂದಳು.

"ಇದಕ್ಕಿಂತ ಒಳ್ಳೆದು ಉಂಟಲ್ಲ ಮಗಳೇ," ಎಂದ ಅದ್ರಾಮ.

"ಇರಬಹುದು ಅದ್ರಾಮಾಕ. ನನಗೆ ಇದೇ ಆಗಬೇಕು."

ಮನೆಯ ಜಗಲಿಯಲ್ಲಿ ನನ್ನೊಳಗೆ ಲಿನಕ್ಸ್ ತುಂಬಿದಳು. ಮುದಿ ಮೈ ಎಂದು ಅದು ಹೇಸಲಿಲ್ಲ. ಬುತ್ತಿಯ ಚೀಲದ ಪೆನ್‌ಡ್ರೈವಿನಿಂದ ರೈಗಳ ಫೋಲ್ಡರನ್ನು ನನ್ನೊಳಗೆ ಇಳಿಸಿ, ಪೆನ್‌ಡ್ರೈವನ್ನು ಖಾಲಿ ಮಾಡಿದಳು. ಎಲ್ಲದಕ್ಕೂ ಪ್ರತಿ ತೆಗೆಯುವ ಹುಡುಗಿ ಇದಕ್ಕೊಂದಕ್ಕೆ ತೆಗೆಯಲಿಲ್ಲ.

ಜಗಲಿಯಲ್ಲಿ ಅವಳ ಅಜ್ಜಿ ದೇಯಕ್ಕ ನೆರೆಮನೆಯ ಮಕ್ಕಳಿಗೆ ಕತೆ ಹೇಳುತ್ತಾಳೆ. ಏಳು ಕಡಲಾಚೆ ಒಂದು ಮರ, ಮರದಲ್ಲಿ ಒಂದು ಪಂಜರ, ಪಂಜರದಲ್ಲಿ ಒಂದು ಗಿಣಿ, ಗಿಣಿಯೊಳಗೆ ರಾಕ್ಷಸನ ಜೀವ. ಕೇಳಿದಾಗಲೆಲ್ಲ ನನ್ನ ಫ್ಯಾನು ಜೋರಾಗಿ ತಿರುಗುತ್ತದೆ. ಕಡಲು ದಾಟಿ ಬಂದವನು, ರೈಗಳ ಜೀವವನ್ನು ಹೊಟ್ಟೆಯೊಳಗೆ ಇಟ್ಟುಕೊಂಡವನು ನಾನೇ ಅಲ್ಲವೇ?

ನಾಲ್ಕು ತಿಂಗಳ ಮೇಲೆ ಅಂಗಳದಲ್ಲಿ ಆ ಹವಾಯಿ ಚಪ್ಪಲಿಯ ಸದ್ದಾಯಿತು. ರೈಗಳ ಕಾಲುಗಳು ಸೊರಗಿದ್ದವು. ಹರೀಶ ಅವರಿಗೆ ನಿಜ ಹೇಳಿದ್ದನಂತೆ: ಪೆನ್‌ಡ್ರೈವಿನಿಂದ ಓಡಿಸಿದರೆ ಒಳಗಿನದು ಹೋಗುವುದಿಲ್ಲ, ಅಳಿಸಿದ್ದು ನಾವೇ ಎಂದು. ಅದಲ್ಲದೆ, ಹಳೆಯ ಕಂಪ್ಯೂಟರುಗಳಿಗೆ ಈಗ ಎಲ್ಲರೂ ಲಿನಕ್ಸನ್ನೇ ಕೇಳುತ್ತಾರೆಂದು, ನನ್ನ ಬದಲಿಗೆ ರೈಗಳು ತಂದ ಹಳೆಯ ಕಂಪ್ಯೂಟರಿಗೂ ಅದನ್ನೇ ಹಾಕಿದ್ದನಂತೆ. ಹಕ್ಕಿ ಈಗ ಅವರ ಅಂಗಡಿಯಲ್ಲೇ ಕೂತಿತ್ತು!

ರೈಗಳು ಜಗಲಿಯ ತುದಿಯಲ್ಲಿ ಕೂತರು. "ಅಂದು ನೀನು ಕಾಪಿ ಅಂತ ಏನೋ ಹೇಳಿದ್ದೆ. ಉಂಟಾ ಅದು?"

"ಉಂಟು," ಎಂದಳು ನಿಶ್ಮಿತಾ. ಫೋಲ್ಡರ್ ತೆರೆದು ತೋರಿಸಿದಳು. ಬಾಳೆಗಿಡದ ಮಂಟಪ ಪರದೆಯ ಮೇಲೆ ಬಂದಾಗ ರೈಗಳ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡವು.

"ಕೊಡ್ತೇನೆ ಅಣ್ಣ. ನನಗೆ ಬೇರೆ ಎಂತ ಬೇಡ. ಅಂದು ಮೋನಪ್ಪಣ್ಣನ ಎದುರು, ಶಾಂತಕ್ಕನ ಎದುರು ನನ್ನನ್ನು ಕಳ್ಳಿ ಅಂತ ಹೇಳಿದ್ರಿ. ಶಾಂತಕ್ಕನ ತಂಗಿಯನ್ನು ಈ ಊರಿಗೇ ಮದುವೆ ಮಾಡಿ ಕೊಟ್ಟದ್ದು, ಮಾತು ಇಲ್ಲಿಗೂ ಬಂತು. ಈಗ ನನ್ನನ್ನು ಯಾರೂ ಅಂಗಡಿಗೆ ಸೇರಿಸುದಿಲ್ಲ. ಅವರಿಬ್ಬರ ಎದುರು ನಿಂತು, ಇವಳು ಕದ್ದಿಲ್ಲ ಅಂತ ಒಂದು ಮಾತು ಹೇಳಿ. ನಾನು ಬರ್ತೇನೆ, ಆಗಲೇ ಕೊಡ್ತೇನೆ."

"ಇಲ್ಲೇ ಹೇಳ್ತೇನಲ್ಲ, ನಿನ್ನ ಅಜ್ಜಿಯ ಎದುರು."

"ಅಜ್ಜಿಗೆ ಗೊತ್ತುಂಟು."

ರೈಗಳ ಮುಖ ನೋಡಲು ನನ್ನ ಜಾಗದಿಂದ ಆಗುವುದಿಲ್ಲ. ಪಾದಗಳು ನೆಲಕ್ಕೆ ಒತ್ತಿದವು, ಎದ್ದವು. "ಆ ಕ್ಷೌರದವನ ಎದುರು ನಾನು ತಲೆ ತಗ್ಗಿಸುದಾ? ನಿನಗೆ ಇಷ್ಟು ಧಿಮಾಕು ಬಂತಾ?" ಎಂದರು. ಕೊಟ್ಟ ಚಾ ಹಾಗೇ ಆರಿತು.

ಅವರು ಅಂಗಳ ದಾಟಿದ ಮೇಲೆ ದೇಯಕ್ಕ ಕೇಳಿದಳು, "ಅಳಿಸಿಬಿಡುದಾ ಮಗಾ ಅದನ್ನು?"

"ಇಲ್ಲಜ್ಜಿ, ಇರಲಿ. ಅವರು ಹೇಳಲಿ."

ಕತೆಯ ರಾಜಕುಮಾರ ಗಿಣಿಯ ಕತ್ತು ಹಿಚುಕುತ್ತಾನೆ. ಇವಳು ಹಿಚುಕುವುದಿಲ್ಲ. ಪ್ರತಿ ಶನಿವಾರ ಫೋಲ್ಡರ್ ತೆರೆದು, ಎಲ್ಲ ಇದೆಯೇ ಎಂದು ನೋಡಿ, ಮುಚ್ಚುತ್ತಾಳೆ. ಉಳಿದ ದಿನ ಊರಿನ ಮಕ್ಕಳಿಗೆ ನನ್ನ ಮೇಲೆ ಪಾಠ ಹೇಳುತ್ತಾಳೆ. ಅವಳಲ್ಲಿ ಇನ್ನೂ ಕಾಯುವ ಗುಣ ಇದೆ. ನನ್ನಲ್ಲಿ ಇಲ್ಲ.

ನಾನೀಗ ಮುದುಕ. ಈಚೆಗೆ ನನ್ನೊಳಗೆ ಆ ಫೋಲ್ಡರು ಕೂತಿರುವ ತಟ್ಟೆ ತಿರುಗುವಾಗ ಟಕ್, ಟಕ್ ಎನ್ನುತ್ತದೆ. ಹೀಗೆ ಸದ್ದು ಮಾಡಿದ ತಟ್ಟೆಗಳು ಹೆಚ್ಚು ದಿನ ಬಾಳಿದ್ದನ್ನು ನಾನು ಕಂಡಿಲ್ಲ. ನಿಶ್ಮಿತಾ ಕೇಳಿಸಿಕೊಂಡಿದ್ದಾಳೆ, ಕಳೆದ ಶನಿವಾರ ಮುಚ್ಚಳಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದಳು. ಖಾಲಿ ಪೆನ್‌ಡ್ರೈವನ್ನು ಕೈಗೆತ್ತಿಕೊಂಡಳು, ಮತ್ತೆ ಗೂಡಿನಲ್ಲಿಟ್ಟಳು.

ವಿಟ್ಲದಿಂದ ಪೆರ್ಲಕ್ಕೆ ಮುಕ್ಕಾಲು ಗಂಟೆಯ ಬಸ್ಸು. ರೈಗಳ ಅಂಗಡಿಯಿಂದ ಮೋನಪ್ಪನ ಅಂಗಡಿಗೆ ಮೂರು ಹೆಜ್ಜೆ. ಬಸ್ಸಿನ ದಾರಿಯನ್ನು ರೈಗಳು ಒಮ್ಮೆ ದಾಟಿದರು, ಆ ಮೂರು ಹೆಜ್ಜೆಯನ್ನು ದಾಟುವುದಿಲ್ಲ. ಟಕ್, ಟಕ್.