ಪಟ್ಟದ ಪಂದ್ಯಕ್ಕೆ ಹೋದ ಈನಸ್

ಶನಿವಾರ ಬೆಳಿಗ್ಗೆ ಈನಸ್ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡು, ಮುಖ ಕಿವುಚದೆ ಕುಡಿದು ಮುಗಿಸಿದ. ಹೆಂಡತಿ ಡಾರ್ಕಸ್ ನೋಡುತ್ತ ನಿಂತಿದ್ದಳು. ಅವರ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದಲೂ ಹಿಡಿಯಬಹುದು; ಹಿಂದಿನ ವಾರದ ಪಂದ್ಯದಲ್ಲಿ ಹಾಗೆ ಚೆಂಡಿಗೆ ಜಿಗಿದಾಗ ಎದುರಾಳಿಯ ಮೊಣಕಾಲು ಅವನ ಕಿವಿಯ ಮೇಲೆ ಬಡಿದಿತ್ತು. ಅಂದಿನಿಂದ ಗೋಡೆ ನೋಡುತ್ತ ಕೂತುಬಿಡುತ್ತಿದ್ದ. ಒಮ್ಮೆ ಅವಳನ್ನು ತೀರಿಹೋದ ತನ್ನ ಅಕ್ಕನ ಹೆಸರಿನಿಂದ ಕರೆದಿದ್ದ.

"ಇವತ್ತು ಆಡಬೇಡ," ಎಂದಳು.

"ಈ ವರ್ಷದ ಪಟ್ಟದ ಪಂದ್ಯ ಕಣೇ. ಹೋಗದಿದ್ರೆ ನಾಳೆ ಕೆಲಸಕ್ಕೆ ಹೋದಾಗ ತೊಗಲಿನ ಕಾರ್ಖಾನೇಲಿ ತಲೆಯೆತ್ತಿ ಓಡಾಡೋಕಾಗುತ್ತಾ?"

ಮೈದಾನದಲ್ಲಿ ಅವಳು ತಂಡದ ನಾಯಕ ರ್‍ಯಾಫರ್ಟಿಯನ್ನು ಹುಡುಕಿ ಎಲ್ಲವನ್ನೂ ಹೇಳಿದಳು. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.

"ಇವತ್ತೊಂದಿನ ತಡ್ಕೊಳಮ್ಮ. ಎದುರು ತಂಡ, ಆ ಬಂದರಿನವರಲ್ಲಿ ಒಬ್ಬ ತೆಂಗಿನಮರದಂಥವನು ಇದಾನೆ. ಅವನೆದುರು ಜಿಗಿಯೋಕೆ ನಮಗೆ ನಿನ್ನ ಗಂಡ ಬಿಟ್ರೆ ಯಾರಿದಾರೆ?"

ಕೊಲ್ಲಿಯ ಕಡೆಯಿಂದ ಮೋಡ ಕವಿದು ಬಂತು. ಬೇಲಿಯ ಸುತ್ತ ಜನ ಕಿಕ್ಕಿರಿದಿದ್ದರು. ಈನಸ್ ಜಿಗಿದಾಗಲೆಲ್ಲ ಅವರು ಹೋ ಎನ್ನುತ್ತಿದ್ದರು, ಡಾರ್ಕಸ್ ಉಸಿರು ಬಿಗಿಹಿಡಿಯುತ್ತಿದ್ದಳು. ವಿರಾಮದಲ್ಲಿ ಆಟಗಾರರಿಗೆ ನಿಂಬೆಹೋಳು ಹಂಚಿದರು. ಅದನ್ನು ಏನು ಮಾಡಬೇಕೆಂದು ತಿಳಿಯದವನಂತೆ ಈನಸ್ ಕೈಯಲ್ಲೇ ಹಿಡಿದು ನಿಂತಿದ್ದ.

ಕೊನೆಗಳಿಗೆಯವರೆಗೂ ಎರಡೂ ತಂಡ ಸಮಸಮ. ಆಗ ಎಲ್ಲರ ತಲೆಗಿಂತ ಮೇಲೆ ಹಾರಿ ಈನಸ್ ಚೆಂಡನ್ನು ಹಿಡಿದ. ಗೋಲಿನ ಕಂಬಗಳು ಎದುರಿಗೇ ಇದ್ದವು. ಅವನು ಬೆನ್ನು ತಿರುಗಿಸಿ, ದೂರದ ತಮ್ಮದೇ ಗೋಲಿನ ಕಡೆ ನೋಡತೊಡಗಿದ. ಗದ್ದಲ ತಟ್ಟನೆ ನಿಂತುಹೋಯಿತು. ರ್‍ಯಾಫರ್ಟಿ ಓಡಿಬಂದು, ಭುಜ ಹಿಡಿದು ತಿರುಗಿಸಿ, ಕಿವಿಯಲ್ಲಿ ಏನೋ ಹೇಳಿದ. ಈನಸ್ ಒದ್ದ. ಚೆಂಡು ಗೋಲಿನ ಕಂಬಗಳ ಮಧ್ಯೆ ಹಾದುಹೋಯಿತು, ಆಟ ಮುಗಿದ ಗಂಟೆ ಹೊಡೆಯಿತು.

ಜನ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತರು. ಡಾರ್ಕಸ್ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿರ ಹೋದಳು. ಅವನು ಮೇಲಿನಿಂದಲೇ ಮೆಲ್ಲಗೆ ಕೇಳಿದ:

"ಡಾರ್ಕಸ್, ಆಟ ಯಾವಾಗ ಶುರು?"

ಹೊತ್ತವರು ತಮಾಷೆಯೆಂದು ನಕ್ಕರು. ರ್‍ಯಾಫರ್ಟಿ ನಗಲಿಲ್ಲ.

"ಕೆಳಗಿಳಿಸಿ," ಎಂದಳು ಅವಳು.

ಈನಸ್ ಮತ್ತೆ ಕಾರ್ಖಾನೆಗೆ ಹೋಗಲಿಲ್ಲ. ಮುಂದಿನ ಚಳಿಗಾಲ ಬರುವಷ್ಟರಲ್ಲಿ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಮರೆತುಹೋಗಿತ್ತು. ಭಾನುವಾರಗಳಂದು ರ್‍ಯಾಫರ್ಟಿ ಬಂದು ಸೌದೆ ಒಡೆದುಕೊಟ್ಟು ಹೋಗುತ್ತಿದ್ದ. ಡಾರ್ಕಸ್ ಬೇಡವೆನ್ನಲಿಲ್ಲ, ಒಳಗೆ ಬಾ ಎಂದೂ ಕರೆಯಲಿಲ್ಲ.